ಪೊಲೀಸರ ಪರ ವಕಾಲತ್ತು ಹಾಕುವುದು ತಪ್ಪೇ?

(ವಿಜಯನಗರದಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ಅಮಾನತುಗೊಂಡ, ವಜಾಗೊಂಡ, ಬಡ್ತಿ ತಪ್ಪಿದ ಪೊಲೀಸರ ಪರವಾಗಿ ನೌಕರಿಯ ವ್ಯಾಜ್ಯ ನಡೆಸುವ ವಕೀಲರ ಬಗ್ಗೆ ನಾವೇಕೆ ಚಿಂತಿಸಬೇಕು? ಠಾಣೆಯೆಂದರೆ ನಮ್ಮ ಬಡಾವಣೆಗಳ ಅನೇಕ ಕುಟುಂಬಗಳಿಗೆ ನೆನಪಾಗುವುದು ಅಪರಾತ್ರಿಯಲ್ಲಿ ಬಾಗಿಲು ಬಡಿದ ಸದ್ದು, ಮಗನನ್ನು ಎಲ್ಲಿಗೆ ಕರೆದೊಯ್ದರೆಂದು ತಿಳಿಯದೆ ಕಳೆದ ದಿನಗಳು. ಈ ಕಹಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಸಮುದಾಯದ ಯುವ ವಕೀಲರೊಬ್ಬರು ಪೇದೆಯೊಬ್ಬರ ಪರ ವಕಾಲತ್ತು ಹಾಕಿದಾಗ ಅವರ ಬಂಧುಗಳೇ, 'ನಿನಗೆ ಬೇರೆ ಕಕ್ಷಿದಾರರು ಸಿಗಲಿಲ್ಲವೇ?' ಎಂದು ಕೇಳಿದ್ದನ್ನು ನಾನು ಬಲ್ಲೆ. ಈ ಪ್ರಶ್ನೆಗೆ ಉತ್ತರ ಕೊಡುವುದು ಅಗತ್ಯವೆಂದು ನನಗೆ ತೋರುತ್ತದೆ.

ನಗರದ ಈ ಪಶ್ಚಿಮ ಭಾಗವು ಕಾರ್ಮಿಕರ ಪ್ರದೇಶ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾಜಿನಗರದ ಕೈಗಾರಿಕಾ ಬಡಾವಣೆ, ಅಲ್ಲಿನ ಇ.ಎಸ್.ಐ. ಆಸ್ಪತ್ರೆ ಇವೆಲ್ಲ ಅದಕ್ಕೆ ಸಾಕ್ಷಿ. ಗಿರಣಿ ಕೆಲಸಗಾರನಿಗೆ ಅನ್ಯಾಯವಾದರೆ ಸಂಘವಿತ್ತು, ಬಾವುಟವಿತ್ತು, ಕಾರ್ಮಿಕ ನ್ಯಾಯಾಲಯವಿತ್ತು. ಗಿರಣಿಯ ಗೇಟಿನ ಮುಂದೆ ಲಾಠಿ ಹಿಡಿದು ನಿಂತವನಿಗೆ ಇವುಗಳಲ್ಲಿ ಯಾವುದೂ ಇರಲಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯು 'ಕಾರ್ಮಿಕ' ಎಂಬ ಪದಕ್ಕೆ ಅರ್ಥ ಹೇಳುವಾಗಲೇ ಪೊಲೀಸ್ ಸೇವೆಯಲ್ಲಿರುವವರನ್ನು ಹೊರಗಿಟ್ಟಿತು. ಸಂವಿಧಾನದ 33ನೇ ವಿಧಿಯು ಪೊಲೀಸರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಅದರಂತೆ ಬಂದ 1966ರ ಕಾಯ್ದೆಯ ಪ್ರಕಾರ, ಅನುಮತಿಯಿಲ್ಲದೆ ಕಾರ್ಮಿಕ ಸಂಘ ಸೇರಿದ ಪೊಲೀಸನಿಗೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ದೆಹಲಿ ಪೊಲೀಸರ ಸಂಘವೊಂದು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿ, 1986ರಲ್ಲಿ ಸೋತಿತು.

ಇದರ ಪರಿಣಾಮವನ್ನು ಕರ್ನಾಟಕವು 2016ರಲ್ಲಿ ಕಂಡಿತು. ನೆರೆಯ ರಾಜ್ಯಗಳಿಗೆ ಸಮನಾದ ವೇತನ, ವಾರದ ರಜೆ, ಮೇಲಧಿಕಾರಿಗಳ ಕಿರುಕುಳದಿಂದ ಮುಕ್ತಿ ಇಂತಹ ಬೇಡಿಕೆಗಳೊಂದಿಗೆ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ನೀಡಲಾಯಿತು. ಕರೆ ನೀಡಿದ ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘದ ಅಧ್ಯಕ್ಷ ಶಶಿಧರ್ ಅವರನ್ನು ಎರಡು ದಿನ ಮೊದಲೇ ಬಂಧಿಸಿ, ದೇಶದ್ರೋಹದ ಆರೋಪ ಹೊರಿಸಲಾಯಿತು. ವಾರಕ್ಕೊಂದು ರಜೆ ಕೇಳುವುದು ದೇಶದ್ರೋಹವೇ? ನಮ್ಮ ಹುಡುಗರ ಮೇಲೆ ಇಂತಹ ಕಲಮುಗಳು ಬಿದ್ದಾಗ ನಾವು ಕೇಳುವ ಪ್ರಶ್ನೆಯನ್ನೇ ಅಂದು ಪೊಲೀಸರ ಪತ್ನಿಯರೂ ಕೇಳಬಹುದಿತ್ತು. ವಿಪರ್ಯಾಸವೆಂದರೆ ಬೇಡಿಕೆ ನ್ಯಾಯಯುತವೆಂಬುದನ್ನು ಸರಕಾರವೇ ಬಳಿಕ ಭಾಗಶಃ ಒಪ್ಪಿಕೊಂಡಿತು. ರಾಘವೇಂದ್ರ ಔರಾದ್ಕರ್ ಸಮಿತಿಯ ವರದಿಯಂತೆ ವೇತನ ಪರಿಷ್ಕರಣೆಯು 2019ರ ಆಗಸ್ಟ್ 1ರಿಂದ ಜಾರಿಗೆ ಬಂತು. 2021ರ ಅಕ್ಟೋಬರಿನಲ್ಲಿ ಇದೇ ಬಿನ್ನಿ ಮಿಲ್ಲಿನ ಬಳಿಯ ಪೊಲೀಸ್ ವಸತಿ ಸಮುಚ್ಚಯದ ಕಟ್ಟಡವೊಂದು ವಾಲಿ, ಕುಟುಂಬಗಳನ್ನು ತುರ್ತಾಗಿ ತೆರವುಗೊಳಿಸಬೇಕಾಯಿತು. ಅದನ್ನು ಕಟ್ಟಿ ಹೆಚ್ಚು ವರ್ಷಗಳೂ ಆಗಿರಲಿಲ್ಲ.

ಹೀಗೆ ಸಂಘದ ಬಾಗಿಲು ಮುಚ್ಚಿದ ಮೇಲೆ ಪೇದೆಗೆ ಉಳಿಯುವ ಬಾಗಿಲು ಒಂದೇ, ವಕೀಲರ ಕಚೇರಿಯದು. ಸಂವಿಧಾನದ 311ನೇ ವಿಧಿಯಂತೆ, ಕೆಲವು ಅಪವಾದಗಳ ಹೊರತು, ಆರೋಪ ತಿಳಿಸಿ ವಿಚಾರಣೆ ನಡೆಸದೆ ಸರಕಾರಿ ನೌಕರನನ್ನು ವಜಾ ಮಾಡುವಂತಿಲ್ಲ. ನಮ್ಮ ರಾಜ್ಯದ ಪೊಲೀಸರಿಗೆ 1965ರ ಶಿಸ್ತು ನಡವಳಿ ನಿಯಮಗಳಿವೆ. 1986ರಿಂದ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಅಂದರೆ ಕೆ.ಎ.ಟಿ. ಇದೆ. ಅಲ್ಲಿ ಸೋತರೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಬಹುದು. 2012ರ ಮಾರ್ಚ್ 2ರಂದು ನಗರದ ಸಿವಿಲ್ ನ್ಯಾಯಾಲಯದ ಆವರಣದಲ್ಲಿ ವಕೀಲರಿಗೂ ಪೊಲೀಸರಿಗೂ ನಡೆದ ಹೊಡೆದಾಟವನ್ನು ನೀವು ಮರೆತಿರಲಿಕ್ಕಿಲ್ಲ. ಆದರೆ ಆ ನಂತರವೂ ಪೊಲೀಸರ ಕಡತಗಳನ್ನು ಹಿಡಿದು ಕೆ.ಎ.ಟಿ.ಯ ಮುಂದೆ ನಿಂತವರು ಕಪ್ಪು ಕೋಟಿನವರೇ.

ಈ ಕೆಲಸದಲ್ಲಿ ಆಡಂಬರವಿಲ್ಲ. ಇಲಾಖಾ ವಿಚಾರಣೆಯಲ್ಲಿ ವಕೀಲರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಹೊರಗೆ ಕುಳಿತು ದೋಷಾರೋಪ ಪಟ್ಟಿಯನ್ನು ಓದಿ ಉತ್ತರ ಬರೆದುಕೊಡಬೇಕು. ಯಾವ ದಾಖಲೆ ಕೇಳಬೇಕು, ಯಾವ ಸಾಕ್ಷಿಗೆ ಏನು ಪ್ರಶ್ನೆ ಹಾಕಬೇಕು ಎಂದು ಹೇಳಿಕೊಡಬೇಕು. ಅಮಾನತಿನಲ್ಲಿರುವವನ ಮನೆಗೆ ಜೀವನಾಧಾರ ಭತ್ಯೆ ತಲುಪುತ್ತಿದೆಯೇ ಎಂದು ನೋಡಬೇಕು. ಈ ಕೊನೆಯದು ಸಣ್ಣ ವಿಷಯವಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಭದ್ರತಾ ಅಧಿಕಾರಿಯಾಗಿದ್ದ ಒಬ್ಬರನ್ನು 1985ರಲ್ಲಿ ಅಮಾನತುಗೊಳಿಸಲಾಯಿತು. ಮನೆಯಲ್ಲಿ ಕದ್ದ ಚಿನ್ನ ಸಿಕ್ಕಿತೆಂಬುದು ಆರೋಪ. ಅವರು ಕೇರಳದ ತಮ್ಮ ಊರಿನಲ್ಲಿದ್ದರು, ಭತ್ಯೆ ಕೊಟ್ಟಿರಲಿಲ್ಲ, ವಿಚಾರಣೆಗೆ ಬರಲು ಕೈಯಲ್ಲಿ ಹಣವಿರಲಿಲ್ಲ. ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ ವಜಾ ಮಾಡಿದರು. ಮುಂದೆ ಕ್ರಿಮಿನಲ್ ನ್ಯಾಯಾಲಯವು ಅದೇ ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು. ಆದರೂ ಕೆಲಸ ಮರಳಿ ಸಿಗಲು 1999ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಹೋರಾಡಬೇಕಾಯಿತು. ಅಮಾನತಾದವನನ್ನು ಹಸಿವಿಗೆ ದೂಡಿ ನಡೆಸಿದ ವಿಚಾರಣೆ ನ್ಯಾಯವಲ್ಲವೆಂಬ ಆ ತೀರ್ಪನ್ನು ಇಂದಿಗೂ ನೌಕರಿಯ ಮೊಕದ್ದಮೆಗಳಲ್ಲಿ ವಕೀಲರು ಎತ್ತಿ ತೋರಿಸುತ್ತಾರೆ.

ಇನ್ನು ಕಠಿಣ ಪ್ರಶ್ನೆ. ನಮ್ಮ ಮಗನನ್ನು ಠಾಣೆಯಲ್ಲಿ ಹೊಡೆದವನ ಪರವಾಗಿಯೂ ವಕೀಲರು ನಿಲ್ಲಬೇಕೇ?

ಅಮೆರಿಕದ ಅನುಭವ ಇಲ್ಲಿ ಎಚ್ಚರಿಕೆ ನೀಡುತ್ತದೆ. ಅಲ್ಲಿ ಪೊಲೀಸರಿಗೆ ಬಲಿಷ್ಠ ಯೂನಿಯನ್‌ಗಳಿವೆ, ಅವುಗಳ ಪರವಾಗಿ ವಾದಿಸುವ ವಕೀಲರಿದ್ದಾರೆ. ಮೇರಿಲ್ಯಾಂಡ್ ರಾಜ್ಯವು 1974ರಲ್ಲಿ ಪೊಲೀಸರಿಗಾಗಿಯೇ ಒಂದು ಹಕ್ಕುಗಳ ಕಾಯ್ದೆ ತಂದಿತು. ಆರೋಪಿತ ಪೊಲೀಸನನ್ನು ಇಲಾಖೆಯು ಪ್ರಶ್ನಿಸುವ ಮುನ್ನ ವಕೀಲರನ್ನು ಗೊತ್ತುಮಾಡಿಕೊಳ್ಳಲು ಅವನಿಗೆ ದಿನಗಳ ಅವಕಾಶವಿತ್ತು. ಸಾಮಾನ್ಯ ನಾಗರಿಕನಿಗಿಲ್ಲದ ಈ ಸವಲತ್ತು ದೌರ್ಜನ್ಯ ಮಾಡಿದವರಿಗೆ ಗುರಾಣಿಯಾಯಿತೆಂಬ ಟೀಕೆ ಬೆಳೆದು, 2021ರಲ್ಲಿ ಅದನ್ನು ರದ್ದುಗೊಳಿಸಲಾಯಿತು. ನಾನು ಅಂತಹ ಗುರಾಣಿಯನ್ನು ಕೇಳುತ್ತಿಲ್ಲ. ನೌಕರಿಯ ವ್ಯಾಜ್ಯ ಬೇರೆ, ಕ್ರಿಮಿನಲ್ ಮೊಕದ್ದಮೆ ಬೇರೆ. ಕೆ.ಎ.ಟಿ.ಯಲ್ಲಿ ಗೆದ್ದ ಮಾತ್ರಕ್ಕೆ ಹಲ್ಲೆಯ ಪ್ರಕರಣ ಬಿದ್ದುಹೋಗುವುದಿಲ್ಲ.

ನಮ್ಮಲ್ಲಿ ನಡೆಯುವುದೇನೆಂದು ನೋಡಿ. ಠಾಣೆಯಲ್ಲಿ ಅನಾಹುತವಾಗುತ್ತದೆ, ಜನರು ರೊಚ್ಚಿಗೇಳುತ್ತಾರೆ. ಅವರನ್ನು ಸಮಾಧಾನಪಡಿಸಲು ಕೆಳಗಿನ ಒಬ್ಬಿಬ್ಬರನ್ನು ಅಮಾನತುಗೊಳಿಸುತ್ತಾರೆ. ನಾವು ಗೆದ್ದೆವೆಂದು ಮನೆಗೆ ಹೋಗುತ್ತೇವೆ. ಅನಂತರ ಕಾಟಾಚಾರದ ವಿಚಾರಣೆ ನಡೆಯುತ್ತದೆ, ದೂರುದಾರನ ಹೇಳಿಕೆಯನ್ನೂ ಸರಿಯಾಗಿ ದಾಖಲಿಸುವುದಿಲ್ಲ. ವರ್ಷಗಳ ಬಳಿಕ ಇದೇ ಲೋಪದಿಂದಾಗಿ ಶಿಕ್ಷೆ ರದ್ದಾಗುತ್ತದೆ. 'ಕರೆತಂದು ಬಾಯಿ ಬಿಡಿಸು' ಎಂದು ಬಾಯಿಮಾತಿನಲ್ಲಿ ಆದೇಶಿಸಿದ ಅಧಿಕಾರಿಯ ಹೆಸರು ಕಡತದಲ್ಲಿ ಎಲ್ಲೂ ಇರುವುದಿಲ್ಲ. ಪೇದೆಗೆ ಸಮರ್ಥ ವಕೀಲರಿದ್ದರೆ ಅವರು ಕೇಳಿಸುವ ಮೊದಲ ಪ್ರಶ್ನೆಯೇ ಆದೇಶ ಕೊಟ್ಟವರು ಯಾರೆಂಬುದು. ಠಾಣೆಯ ದಿನಚರಿಯನ್ನು ತರಿಸಿ ಎನ್ನುತ್ತಾರೆ, ಅಂದಿನ ಕರ್ತವ್ಯದ ಪಟ್ಟಿಯನ್ನು ತೋರಿಸಿ ಎನ್ನುತ್ತಾರೆ. ನಮ್ಮ ಸಂತ್ರಸ್ತ ಕುಟುಂಬಗಳು ವರ್ಷಗಟ್ಟಲೆ ಅಲೆದರೂ ಸಿಗದ ಕಾಗದಗಳು ಇವು. ಆದ್ದರಿಂದ ಪೇದೆಯ ವಕೀಲರು ನಮ್ಮ ವೈರಿ ಎಂಬ ಭಾವನೆ ನಮಗೇ ನಷ್ಟವುಂಟುಮಾಡುತ್ತದೆ. ದ್ವೇಷವು ನ್ಯಾಯಕ್ಕೆ ಅಡ್ಡ ಬರಬಾರದೆಂಬ ಪಾಠ ನಮಗೆ ಹೊಸದೂ ಅಲ್ಲ.

ಕಾನೂನಿನ ದಾರಿ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಚಿಕ್ಕಮಗಳೂರು ಉದಾಹರಣೆ. 2023ರ ನವೆಂಬರ್ 30ರಂದು ಹೆಲ್ಮೆಟ್ ವಿಚಾರದಲ್ಲಿ ಯುವ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆಯಾಯಿತೆಂಬ ದೂರಿನ ಮೇಲೆ ಪೊಲೀಸರು ಅಮಾನತುಗೊಂಡರು. ಒಬ್ಬ ಸಿಬ್ಬಂದಿಯ ಬಂಧನವಾದಾಗ ಪೊಲೀಸರೇ ಕುಟುಂಬ ಸಮೇತ ಬೀದಿಗಿಳಿದರು. ಅಲ್ಲಿ ಸಾಕ್ಷ್ಯದ ಮಾತಿರಲಿಲ್ಲ, ನಮ್ಮವನನ್ನು ಬಿಡಿ ಎಂಬ ಕೂಗಷ್ಟೇ ಇತ್ತು. ನ್ಯಾಯಮಂಡಳಿಯ ಮುಂದೆ ಕೂಗು ನಡೆಯುವುದಿಲ್ಲ, ಪ್ರತಿ ಮಾತಿಗೂ ಕಾಗದ ತೋರಿಸಬೇಕು.

ನಮ್ಮ ಮಕ್ಕಳು ಪೊಲೀಸ್ ಇಲಾಖೆಗೆ ಸೇರಬೇಕೆಂದು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಸೇರಿದ ಮೇಲೆ ಅವರಿಗೆ ತೊಂದರೆಯಾದರೆ ಯಾರಿದ್ದಾರೆ? ಮೆಕ್ಕಾ ಯಾತ್ರೆಯ ರಜೆ ಮುಗಿಸಿ ಗಡ್ಡದೊಂದಿಗೆ ಬಂದ ತಮಿಳುನಾಡಿನ ಪೇದೆಯೊಬ್ಬರ ವೇತನ ಬಡ್ತಿಯನ್ನು ತಡೆಹಿಡಿದಿದ್ದರು. 2024ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಆ ಶಿಕ್ಷೆಯನ್ನು ರದ್ದುಪಡಿಸಿ, ಹೊಸದಾಗಿ ಪರಿಶೀಲಿಸಲು ಹೇಳಿತು. ಅಲ್ಲಿನ ಹಳೆಯ ಪೊಲೀಸ್ ನಿಯಮದಲ್ಲಿ ಮುಸ್ಲಿಮರಿಗೆ ಗಡ್ಡಕ್ಕೆ ಅವಕಾಶವಿದ್ದುದು ಆಧಾರವಾಯಿತು. ಆದರೆ 2016ರಲ್ಲಿ ವಾಯುಪಡೆಯ ಸಿಬ್ಬಂದಿಯೊಬ್ಬರು ಇಂತಹದೇ ವಾದ ಹೂಡಿ ಸುಪ್ರೀಂ ಕೋರ್ಟಿನಲ್ಲಿ ಸೋತರು, ಅಲ್ಲಿನ ನಿಯಮ ಬೇರೆಯಿತ್ತು. ಭಾವನೆಯಿಂದ ಮಾತನಾಡುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಯಾವ ಇಲಾಖೆಯ ಯಾವ ನಿಯಮ ಏನು ಹೇಳುತ್ತದೆಂದು ಓದಿ ತಿಳಿದವರು ವಿರಳ. ಇಲ್ಲಿರುವ ವಿದ್ಯಾರ್ಥಿನಿಯರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಹೇಳುತ್ತಿದ್ದೇನೆ, ನೌಕರಿ ಕಾನೂನನ್ನು ಓದಿ.

ಪೋಷಕರಿಗೆ ಎರಡು ಮಾತು. ನಿಮ್ಮ ಮನೆಯ ಪೊಲೀಸನಿಗೆ ದೋಷಾರೋಪ ಪಟ್ಟಿ ಬಂದರೆ ಮೇಲಧಿಕಾರಿಯ ಕಾಲು ಹಿಡಿಯಲು ಓಡಬೇಡಿ, ಮಧ್ಯವರ್ತಿಗೆ ಹಣ ಕೊಡಬೇಡಿ. ಗಡುವಿನೊಳಗೆ ಲಿಖಿತ ಉತ್ತರ ಕೊಡಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ದೋಷಾರೋಪ ಪಟ್ಟಿಯನ್ನೇ ನೀಡದೆ ಅಮಾನತನ್ನು ಮೂರು ತಿಂಗಳು ಮೀರಿ ಎಳೆಯಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಶಿಕ್ಷೆಯ ಆದೇಶ ಬಂದರೆ ಮೊದಲು ಇಲಾಖೆಯೊಳಗಿನ ಮೇಲ್ಮನವಿ ಮುಗಿಸಬೇಕು. ಅಂತಿಮ ಆದೇಶವಾದ ಒಂದು ವರ್ಷದೊಳಗೆ ಕೆ.ಎ.ಟಿ.ಗೆ ಅರ್ಜಿ ಸಲ್ಲಿಸಬೇಕು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರವಿಲ್ಲದಿದ್ದರೆ ಕಾಯುತ್ತಾ ಕೂರಬೇಡಿ, ಆ ಆರು ತಿಂಗಳು ಮುಗಿದ ದಿನದಿಂದಲೇ ಒಂದು ವರ್ಷದ ಲೆಕ್ಕ ಶುರುವಾಗುತ್ತದೆ. ಆದೇಶ ಬಂದ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ದಿನಾಂಕವನ್ನು ವಕೀಲರು ಕೇಳುತ್ತಾರೆ.