ಬೇಸಗೆಯೂ ಊರಿನ ಉದ್ಯಾನವೂ

ಉದ್ಯಾನವೆಂದೊಡನೆ ನಮ್ಮಲ್ಲಿ ಓದುಬರಹ ಬಲ್ಲವರ ಮನಸ್ಸು ಬೆಂಗಳೂರಿನ ಕಡೆಗೆ ಹರಿಯುವುದು ವಾಡಿಕೆ. ಹೈದರಾಲಿಯು 1760ರಲ್ಲಿ ತೊಡಗಿಸಿದ ಲಾಲ್‌ಬಾಗು, 1870ರಲ್ಲಿ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು, ಇವು ನಮ್ಮ ನಾಡಿಗೆ ಭೂಷಣಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಂಗಳೂರಿನ ಬೇಸಗೆಯನ್ನು ಬೇಸಗೆಯೆಂದು ಕರೆಯಲು ಕೃಷ್ಣಾತೀರದವರು ಸುಲಭವಾಗಿ ಒಪ್ಪಲಾರರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಲ್ಲಿ ಚೈತ್ರ ಕಳೆದು ವೈಶಾಖ ಹತ್ತಿತೆಂದರೆ ಹಗಲಿನ ತಾಪವು 40 ಡಿಗ್ರಿಯ ಆಸುಪಾಸಿಗೆ ಏರುವುದುಂಟು. ಸಹ್ಯಾದ್ರಿಗೆ ಸಮೀಪವಾದ ನಿಪ್ಪಾಣಿಯ ಕಡೆ ಅಷ್ಟಿಷ್ಟು ತಂಪು ಉಳಿದರೂ, ಮಳೆಯ ನೆರಳಿಗೆ ಸಿಕ್ಕಿದ ಅಥಣಿಯ ಕಡೆ ಮಧ್ಯಾಹ್ನದ ಗಾಳಿಯೂ ಒಲೆಯ ಬಾಯಿಂದ ಬಂದಂತೆ ಬರುತ್ತದೆ. ಇಂತಹ ಊರುಗಳಲ್ಲಿ ಸಾರ್ವಜನಿಕ ಉದ್ಯಾನವು ಏಕೆ ಬೇಕು, ಹೇಗಿರಬೇಕು ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ರಾಯಬಾಗದ ಹೆಸರನ್ನು ಕೇಳಿದವರು ಅದರಲ್ಲಿ ಪಾರಸಿಯ 'ಬಾಗ್' ಶಬ್ದವಿದೆಯೆಂದೂ ಅಲ್ಲಿ ಯಾರೋ ರಾಯನ ತೋಟವಿದ್ದಿತೆಂದೂ ಊಹಿಸುವುದು ಸುಲಭ. ಆದರೆ ರಟ್ಟರ ಕಾಲದಲ್ಲಿಯೇ ಆ ಊರಿಗೆ 'ಬಾಗೆ' ಎಂಬ ಹೆಸರಿದ್ದು, ಹೂವಿನ ಬಾಗೆ ಎಂದೂ ಕರೆಯುತ್ತಿದ್ದರು. ತೋಟದ ಅರ್ಥವು ಸಲ್ಲದಿದ್ದರೂ ಹೂವಿನ ಮಾತು ಉಳಿಯಿತಲ್ಲ ಎಂದು ನಮಗಂತೂ ಸಂತೋಷವೇ.

ಕೆಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳಲ್ಲಿ, ನಾವು ಈ ಪ್ರಾಂತದ ಒಂದು ಊರಿನಲ್ಲಿ ಪರೀಕ್ಷೆಯ ಕೆಲಸಕ್ಕಾಗಿ ಹದಿನೈದು ದಿನ ತಂಗಿದ್ದೆವು. ಅದು ಸಂತೆಯ ದಿನ. ಮಧ್ಯಾಹ್ನ ಎರಡು ಗಂಟೆಯ ಸಮಯ. ಊರಿನ ಉದ್ಯಾನಕ್ಕೆ ಹೋದರೆ ಬಾಗಿಲಿಗೆ ಬೀಗ. ಬೆಳಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಮಾತ್ರ ಪ್ರವೇಶವೆಂದು ಹಲಗೆಯಲ್ಲಿ ಬರೆದಿತ್ತು. ಒಳಗೆ ಹಸುರು ಹುಲ್ಲು, ನಡುವೆ ಕಾರಂಜಿ, ಅಂಚಿಗೆ ಎರಡು ಹೊಂಗೆಯ ಮರಗಳು. ಹೊರಗೆ, ಗೋಡೆಯನ್ನು ದಾಟಿ ಚಾಚಿದ್ದ ಹೊಂಗೆಯ ಒಂದೇ ಕೊಂಬೆಯ ನೆರಳಿನಲ್ಲಿ, ಸಂತೆಗೆ ಬಂದಿದ್ದ ಮುದುಕರೊಬ್ಬರು ಮೊಮ್ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ರೊಟ್ಟಿಯ ಗಂಟನ್ನು ಬಿಚ್ಚುತ್ತಿದ್ದರು. ನಮ್ಮನ್ನು ಕಂಡು ಅವರು ಕೇಳಿದರು: "ಮಾಸ್ತರ್ರ, ಒಳಗಿನ ನೆಳ್ಳ ಯಾರಿಗಿ ಇಟ್ಟಾರ್ರಿ?" ನಾವು ತರ್ಕಶಾಸ್ತ್ರವನ್ನು ಓದಿದ್ದವರು, ಆದರೂ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಕುಳಿತು ಅವರು ಕೊಟ್ಟ ಮಜ್ಜಿಗೆಯನ್ನು ಕುಡಿದೆವು.

ಉದ್ಯಾನವೆಂದರೆ ನೋಡುವ ವಸ್ತುವೆಂದು ನಾವು ಎಣಿಸಿರುವುದೇ ಈ ಬೀಗಕ್ಕೆ ಮೂಲವೆಂದು ತೋರುತ್ತದೆ. ಹುಲ್ಲಿನ ಹಾಸು ಶೀತದೇಶದವರ ಸಂಪತ್ತು. ಅಲ್ಲಿ ಬಿಸಿಲನ್ನು ಹುಡುಕಿಕೊಂಡು ಜನ ಹೊರಗೆ ಬರುತ್ತಾರೆ. ಇಲ್ಲಿ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಬರುತ್ತಾರೆ. ಹುಲ್ಲಿಗೆ ಬೇಸಗೆಯುದ್ದಕ್ಕೂ ನೀರು ಬೇಕು. ಆ ನೀರಾದರೂ ಎಲ್ಲಿಂದ? 2019ರ ಮೇ ತಿಂಗಳಲ್ಲಿ ಈ ಭಾಗದ ಕೃಷ್ಣೆಯು ಬತ್ತಿ, ಕುಡಿಯುವ ನೀರಿಗಾಗಿ ಜನ ಪರದಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಊರುಗಳನ್ನು ಮುಳುಗಿಸಿತು. ಬೇಸಗೆಯಲ್ಲಿ ಕೊಯ್ನಾ ಜಲಾಶಯದಿಂದ ನೀರು ಬಿಡಬೇಕೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳುವುದು ನಮ್ಮ ಸರ್ಕಾರಕ್ಕೆ ರೂಢಿಯೇ ಆಗಿದೆ. ಹಾಗೆ ಬೇಡಿ ತಂದ ನೀರನ್ನು ಯಾರೂ ಮೆಟ್ಟಬಾರದೆಂದು ಹಲಗೆ ಹಾಕಿದ ಹುಲ್ಲಿಗೆ ಎರೆಯುವುದು ವಿವೇಕವೆಂದು ನಮಗೆ ತೋರುವುದಿಲ್ಲ.

ಮರದ ರೀತಿಯೇ ಬೇರೆ. ಬೇವೂ ಹೊಂಗೆಯೂ ಹಳೆಯ ಎಲೆಯನ್ನುದುರಿಸಿ, ಬಿಸಿಲು ಏರುತ್ತಿರುವ ವೇಳೆಗೆ ಸರಿಯಾಗಿ ಹೊಸ ಚಿಗುರನ್ನು ಹೊದ್ದುಕೊಳ್ಳುತ್ತವೆ. ಬೇರೂರಿದ ಮೇಲೆ ಇವಕ್ಕೆ ದಿನದಿನವೂ ನೀರೆರೆಯಬೇಕಾಗಿಲ್ಲ. ನೆಲದಾಳದ ತೇವವನ್ನು ಹೀರಿ ಎಲೆಗಳ ಮೂಲಕ ಆವಿಯಾಗಿ ಬಿಡುತ್ತವೆ, ಆ ಆವಿಯೊಡನೆ ಸುತ್ತಲಿನ ತಾಪವೂ ಒಂದಿಷ್ಟು ತಗ್ಗುತ್ತದೆ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರು ಮೇ ತಿಂಗಳಲ್ಲಿ ಕಣ್ಣಿಗೆ ಹಬ್ಬವೇ ಸರಿ. ಆದರೆ ಅದಕ್ಕೆ ಮುಂಚೆ ಬಹುಮಟ್ಟಿಗೆ ಬರಿಕೊಂಬೆಯಾಗಿದ್ದು, ಅದರ ನೆರಳು ಜಾಳುಜಾಳು. ಅದೂ ಇರಲಿ, ಕಕ್ಕೆಯ ಹೊಂಬಣ್ಣವೂ ಇರಲಿ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಮಹಾಶಯರು, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೀದಿಯ ಮರಗಳನ್ನು ಆರಿಸಿ ನೆಡಿಸಿದರು. ನಮ್ಮ ಬಯಲುಸೀಮೆಗೆ ಅಂಥವರೊಬ್ಬರು ಬಂದಿದ್ದರೆ ಹೂವಿನ ಸರದಿಗಿಂತ ಮೊದಲು ನೆರಳಿನ ಸರದಿಯನ್ನು ಯೋಚಿಸುತ್ತಿದ್ದರೇನೋ. ಅರಳಿ ಬೇವುಗಳನ್ನು ಜೊತೆಗೂಡಿಸಿ ಸುತ್ತ ಕಟ್ಟೆ ಕಟ್ಟಿದ ನಮ್ಮ ಹಿರಿಯರಿಗೆ ಈ ಯೋಚನೆಯನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಇನ್ನು ಜಾಗದ ಮಾತು. ಊರು ಬೆಳೆದಂತೆ ಉದ್ಯಾನಕ್ಕೆಂದು ಬಿಟ್ಟ ನೆಲದ ಮೇಲೆ ಅನೇಕರ ಕಣ್ಣು ಬೀಳುತ್ತದೆ. ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯಿದೆಯೊಂದುಂಟು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ನಿವೇಶನವನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಟ್ಟಾಗ ನಿವಾಸಿಗಳೇ ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿಯೇ ತೀರ್ಪಿತ್ತಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೆ ಎಂಬ ವಾದವು ನಿಲ್ಲಲಿಲ್ಲ. ಇದನ್ನು ನಮ್ಮ ಚಿಕ್ಕ ಊರುಗಳ ವಿದ್ಯಾವಂತರು ತಿಳಿದಿದ್ದರೆ ಒಳ್ಳೆಯದು.

ಉದ್ಯಾನದ ಸುಖವನ್ನು ಕುರಿತು ಹೇಳದೆ ಬರಿಯ ದೂರನ್ನೇ ಹೇಳಿದಂತಾಯಿತು. ಅದೇ ಊರಿನಲ್ಲಿ ಸಂಜೆ ಐದರ ಮೇಲೆ ಬೀಗ ತೆಗೆದಾಗ ನಾವೂ ಒಳಗೆ ಹೋಗಿ ಕೂತಿರುತ್ತಿದ್ದೆವು. ದಿನವೆಲ್ಲ ಕೂತು ಬೀಡಿ ಸುತ್ತಿದ ಹೆಂಗಸರು ಹುಲ್ಲಿನ ಮೇಲೆ ಕಾಲು ನೀಡುತ್ತಿದ್ದರು. ಕನ್ನಡ ಮರಾಠಿಗಳೆರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುತ್ತ ಮಕ್ಕಳು ಕಾರಂಜಿಯ ಸುತ್ತ ಓಡುತ್ತಿದ್ದರು. ಪಡುವಣದ ಗಾಳಿ ಬೀಸತೊಡಗಿದಾಗ ಮುದುಕರು ರುಮಾಲನ್ನು ತೆಗೆದು ತೊಡೆಯ ಮೇಲಿಡುತ್ತಿದ್ದರು. ಎಂಟು ಗಂಟೆಗೆ ಸೀಟಿ ಊದಿದರೂ ಯಾರೂ ಬೇಗನೆ ಏಳುತ್ತಿರಲಿಲ್ಲ.

ಮರುವರ್ಷ ಅದೇ ಕೆಲಸಕ್ಕೆ ಅದೇ ಊರಿಗೆ ಹೋದೆವು. ಹಲಗೆಯ ಬರಹ ಹಾಗೆಯೇ ಇತ್ತು. ದೊಡ್ಡ ಬಾಗಿಲಿಗೆ ಬೀಗವೂ ಇತ್ತು. ಆದರೆ ಹೊಂಗೆಯ ಪಕ್ಕದ ಚಿಕ್ಕ ಬಾಗಿಲ ಅಗುಳಿಯನ್ನು ಮಾತ್ರ ಕಾವಲುಗಾರನು ಮಧ್ಯಾಹ್ನ ಹಾಕುತ್ತಿರಲಿಲ್ಲ. ಒಳಗೆ ಏಳೆಂಟು ಜನ ಮಲಗಿದ್ದರು. ಯಾರ ಅಪ್ಪಣೆಯೆಂದು ನಾವು ಕೇಳಲಿಲ್ಲ.