ಗೋಡೆಯ ಮಣ್ಣು, ಗದ್ದೆಯ ಮಣ್ಣು

(ಮಣ್ಣಿನ ಮನೆ ಕಟ್ಟುವ ತರಬೇತಿ ಶಿಬಿರದ ಮೊದಲ ದಿನ ಮಾಡಿದ ಭಾಷಣ)



ಕೃಷಿ ವಿಜ್ಞಾನ ಓದಿದವನಿಗೆ ಮನೆ ಕಟ್ಟುವ ಶಿಬಿರದಲ್ಲೇನು ಕೆಲಸವೆಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಮಣ್ಣನ್ನು ಕುರಿತು ಒಂದು ಮಾತು ಹೇಳಲು ನನಗೂ ಹಕ್ಕಿದೆ ಎಂಬ ಧೈರ್ಯದಿಂದ ಬಂದಿದ್ದೇನೆ. ಬೆಳೆಗೆ ಬೇಕಾದ ಮಣ್ಣು ಬೇರೆ, ಗೋಡೆಗೆ ಬೇಕಾದ ಮಣ್ಣು ಬೇರೆ. ಈ ಭೇದವನ್ನು ಮರೆತರೆ ಪರಿಸರದ ಹೆಸರಿನಲ್ಲಿಯೇ ಪರಿಸರವನ್ನು ಕೆಡಿಸಿದಂತಾಗುತ್ತದೆ.

ನೆಲದ ಮೇಲಿನ ಕಪ್ಪು ಪದರದಲ್ಲಿ ಕೊಳೆತ ಎಲೆ, ಬೇರು, ಎರೆಹುಳು, ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಬೆಳೆಗೆ ಅದು ಅಮೃತ, ಗೋಡೆಗೆ ಅದೇ ರೋಗ. ಅದರಲ್ಲಿರುವ ಸಾವಯವ ಅಂಶವು ಸಿಮೆಂಟು, ಸುಣ್ಣಗಳು ಗಟ್ಟಿಯಾಗುವುದನ್ನು ತಡೆಯುತ್ತದೆ. ಮುಂದೆ ತಾನೂ ಕೊಳೆತು ಟೊಳ್ಳು ಉಳಿಸುತ್ತದೆ. ಆ ಪದರವನ್ನು ಜೋಪಾನವಾಗಿ ಎತ್ತಿ ತೋಟಕ್ಕೆ ಹಾಕಿರಿ. ಗೋಡೆಗೆ ಬೇಕಾದುದು ಅದರ ಕೆಳಗಿನ ಕೆಂಪು ಮಣ್ಣು. ನಮ್ಮ ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣಿನ ಜೇಡಿ ಬಹುಪಾಲು ಕೆಯೊಲಿನೈಟ್ ಎಂಬ ಜಾತಿಯದು. ಬಯಲುಸೀಮೆಯ ಎರೆಮಣ್ಣಿನಂತೆ ನೀರು ಕುಡಿದು ಊದಿಕೊಂಡು, ಬೇಸಿಗೆಯಲ್ಲಿ ಬಿರಿಯುವ ಸ್ವಭಾವ ಇದಕ್ಕೆ ಅಷ್ಟಾಗಿ ಇಲ್ಲ. ಇದು ನಮ್ಮ ಭಾಗ್ಯ. ಆದರೆ ಈ ಮಣ್ಣಿಗಾಗಿ ಗುಡ್ಡದ ಬುಡವನ್ನು ಕಡಿಯಬೇಡಿ. 2018ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡವರು ನಾವು. ಬಾವಿ, ಇಂಗುಗುಂಡಿ, ಅಡಿಪಾಯ ತೋಡುವಾಗ ಬಂದ ಮಣ್ಣೇ ಎಷ್ಟೋ ಸಲ ಸಾಕಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣನ್ನು ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ಶಾಸ್ತ್ರೀಯವಾಗಿ ಬೆಳೆಸಿದರು. ಇದನ್ನು ಸುಡಬೇಕಾಗಿಲ್ಲ. ಗೂಡಿಗೆ ಸೌದೆಯೂ ಬೇಡ, ಕಾಡೂ ಉಳಿಯಿತು. ನೂರು ಪಾಲಿಗೆ ಐದರಿಂದ ಏಳು ಪಾಲು ಸಿಮೆಂಟು ಬೆರೆಸುತ್ತೇವಲ್ಲ, ಅದು ಸಹಜವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಸಿಮೆಂಟು ಮಾಡುವಾಗ ಇಂಧನದ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ಆದುದರಿಂದ ಮಳೆ ಬಡಿಯುವ ಹೊರಗೋಡೆಗೆ ಮಾತ್ರ ಅದನ್ನು ಬಳಸಿ, ಒಳಗೋಡೆಗೆ ಹಸಿ ಮಣ್ಣೇ ಸಾಕು ಎಂಬುದು ನನ್ನ ಅಭಿಪ್ರಾಯ.

ಈ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಎಷ್ಟು ನೀರು ಹಾಕಬೇಕೆಂಬುದನ್ನು ಲೆಕ್ಕವಲ್ಲ, ಅಂಗೈ ಹೇಳಬೇಕು. ತೇವದ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಕಡಿಮೆ. ಒಡೆಯದೆ ಚಪ್ಪಟೆಯಾದರೆ ಹೆಚ್ಚು. ನಾಲ್ಕಾರು ಹೆಂಟೆಗಳಾಗಿ ಒಡೆದರೆ ಹದ. ಸಿಮೆಂಟು ಬೆರೆತು ನೀರು ಬಿದ್ದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಬಳಿಕ ನಾಲ್ಕು ವಾರ ನೆರಳಿನಲ್ಲಿ ತೇವ ಆರದಂತೆ ಕಾಯಬೇಕು. ಆದ್ದರಿಂದ ಮೃಗಶಿರಾ ಮಳೆಗೆ ಮೊದಲು ಗೋಡೆ ಏರಿ ಮಾಡು ಹೊದಿಸಬೇಕೆಂದಿದ್ದವರು ಇಟ್ಟಿಗೆಯನ್ನು ಜನವರಿಯಲ್ಲೇ ಆರಂಭಿಸುವುದು ಲೇಸು. ಹೆಂಗಸರು ಬುಟ್ಟಿ ಹೊರುವುದಕ್ಕೆ, ಗಂಡಸರು ಗೋಡೆ ಕಟ್ಟುವುದಕ್ಕೆ ಎಂಬ ಹಂಚಿಕೆ ಈ ಶಿಬಿರದಲ್ಲಿ ನಡೆಯದು. ಎಲ್ಲರೂ ಯಂತ್ರ ಒತ್ತಬೇಕು, ಎಲ್ಲರೂ ತೂಗುಗುಂಡು ಹಿಡಿಯಬೇಕು.

ನನ್ನದೊಂದು ಪ್ರಮಾದವನ್ನೂ ಹೇಳಿಬಿಡುತ್ತೇನೆ. ನಮ್ಮ ಕೊಟ್ಟಿಗೆಯ ಹಳೆಯ ಮಣ್ಣಿನ ಗೋಡೆ ಭದ್ರವಾಗಲೆಂದು ಸಿಮೆಂಟಿನ ಗಿಲಾಯಿ ಮಾಡಿಸಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾಯಿ ಹಪ್ಪಳದಂತೆ ಎದ್ದಿತು, ಒಳಗಿನ ಮಣ್ಣು ಹಿಟ್ಟಾಗಿತ್ತು. ನೆಲದಿಂದ ಏರಿದ ತೇವಕ್ಕೆ ಹೊರಹೋಗಲು ದಾರಿಯೇ ಇರಲಿಲ್ಲ. ಡಾಕ್ಟರೇಟು ಪಡೆದವನಿಗೆ ಹೊಳೆಯದ ಈ ಸಂಗತಿಯನ್ನು ನೋಡಿದೊಡನೆ ಹೇಳಿದವರು ನೆರೆಯ ವೃದ್ಧರೊಬ್ಬರು. ಹರೆಯದಲ್ಲಿ ಊರೂರು ತಿರುಗಿ ಮಣ್ಣಿನ ಗೋಡೆ ಹಾಕಿದವರು. "ಗೋಡೆಗೂ ಉಸಿರು ಬೇಕಲ್ಲ ಮಾರಾಯರೇ" ಎಂದರು. ಅವರಿಂದಲೇ ಕಲಿತು ಸುಣ್ಣ, ಮರಳಿನ ಗಾರೆ ಬಳಿದೆ. ಕಲ್ಲಿನ ಪಂಚಾಂಗವನ್ನು ಎತ್ತರಿಸಿ, ಮಾಡನ್ನು ಎರಡು ಮೊಳ ಮುಂದಕ್ಕೆ ಚಾಚಿಸಿದೆ. ಗೋಡೆ ಈಗ ಗಟ್ಟಿಯಾಗಿದೆ. ಆದರೆ ಆ ವೃದ್ಧರ ಕೈ ಈಗ ನಡುಗುತ್ತದೆ, ಅವರ ಮಕ್ಕಳು ಈ ಕಸುಬನ್ನು ಕಲಿಯಲಿಲ್ಲ. ನಾಳೆ ಅವರು ಇಲ್ಲಿಗೆ ಬರುತ್ತಾರೆ. ನಾನು ಹೇಳಿದ್ದಕ್ಕಿಂತ ಅವರು ಹೇಳುವುದನ್ನು ಹೆಚ್ಚು ಗಮನವಿಟ್ಟು ಬರೆದುಕೊಳ್ಳಿ, ತಪ್ಪೆನಿಸಿದಲ್ಲಿ ಪ್ರಶ್ನಿಸಿ.

ಈಗ ಎಲ್ಲರೂ ತಂತಮ್ಮ ಜಮೀನಿನಿಂದ ತಂದ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ತುಂಬಿ, ಚಿಟಿಕೆ ಉಪ್ಪು ಹಾಕಿ, ನೀರು ಸೇರಿಸಿ ಚೆನ್ನಾಗಿ ಕುಲುಕಿ ಜಗಲಿಯ ಮೇಲಿಡಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಜೇಡಿಗೆ ರಾತ್ರಿಯಿಡೀ ಬೇಕು. ಬಾಟಲಿಯ ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ.