ರಕ್ತದ ಹೆಪ್ಪು ಮತ್ತು ಮಂಡಲದ ಹಾವು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ತಮ್ಮಲ್ಲಿ ಬಹಳ ಮಂದಿ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ರಾಗಿ ಹೊಲಗಳಲ್ಲಿ ದುಡಿಯುವವರು. ಮಕ್ಕಳು ವಿಜ್ಞಾನದಲ್ಲಿ ಕಲಿಯುವ ಒಂದು ಪಾಠ ಆ ಹೊಲದ ಬದುವಿನಲ್ಲಿ ಪ್ರಾಣ ಉಳಿಸಬಲ್ಲದು. ಅದನ್ನು ತಿಳಿಸಲು ನಿಂತಿದ್ದೇನೆ.

ಹಾಲಿಗೆ ಹೆಪ್ಪು ಹಾಕಬೇಕು. ರಕ್ತಕ್ಕೆ ಹೊರಗಿನ ಹೆಪ್ಪು ಬೇಡ. ಕುಡುಗೋಲು ತಗುಲಿದೊಡನೆ ಪ್ಲೇಟ್‌ಲೆಟ್ ಕಣಗಳು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಬಳಿಕ ರಕ್ತದಲ್ಲಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಎಳೆಎಳೆಯಾಗಿ ಬಲೆ ಹೆಣೆಯುತ್ತದೆ. ಗಾಯ ಮಾಯ್ದ ಮೇಲೆ ದೇಹವೇ ಅದನ್ನು ಕರಗಿಸುತ್ತದೆ. ಇದೇ ಹೆಪ್ಪು ಬೇಡದ ಕಡೆ, ಹೃದಯದ ರಕ್ತನಾಳದಲ್ಲಿ ಕಟ್ಟಿದರೆ ಹೃದಯಾಘಾತ. ಮೆದುಳಿನ ನಾಳದಲ್ಲಾದರೆ ಪಾರ್ಶ್ವವಾಯು.

ಮಂಡಲದ ಹಾವಿನ ವಿಷದ ಕೇಡು ಬೇರೆ ಬಗೆಯದು. ತಮಿಳಿನಲ್ಲಿ ಇದೇ ಕಣ್ಣಾಡಿ ವಿರಿಯನ್. ಈ ವಿಷ ಮೈಯೊಳಗೆಲ್ಲ ಹೆಪ್ಪುಗಟ್ಟುವ ಕೆಲಸವನ್ನು ಒಮ್ಮೆಗೇ ಎಬ್ಬಿಸಿ, ಇರುವ ಫೈಬ್ರಿನೋಜನ್ನನ್ನು ಮುಗಿಸಿಬಿಡುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಬಹುದು. ಆದ್ದರಿಂದ ಕಚ್ಚಿದ ಜಾಗವನ್ನು ಕೊಯ್ಯಬೇಡಿ. ಕೊಯ್ದ ಗಾಯದ ರಕ್ತ ನಿಲ್ಲದು. ಬಾಯಲ್ಲಿ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗದಂತೆ ಇರಿಸಿ, 108ಕ್ಕೆ ಫೋನ್ ಮಾಡಿ. ಮಂತ್ರಕ್ಕೆ, ನಾಟಿ ಮದ್ದಿಗೆ ಹೊತ್ತು ಕಳೆಯಬೇಡಿ.

ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಓರೆ ಮಾಡಿದಾಗ ಹರಿದರೆ ಪ್ರತಿವಿಷ ಕೊಡಬೇಕು. ಪ್ರತಿವಿಷ ವಿಷವನ್ನು ಕಟ್ಟಿಹಾಕುತ್ತದೆ. ಖರ್ಚಾದ ಸಾಮಗ್ರಿಯನ್ನು ಯಕೃತ್ತು ಮತ್ತೆ ತಯಾರಿಸಲು ಕೆಲವು ಗಂಟೆ ಹಿಡಿಯುತ್ತದೆ. ಅದಕ್ಕೇ 6 ಗಂಟೆಗಳ ನಂತರ ಪುನಃ ಪರೀಕ್ಷಿಸುತ್ತಾರೆ. ಮೊದಲ ಪರೀಕ್ಷೆ ಸರಿಯಿದ್ದರೂ ವೈದ್ಯರು ಹೇಳುವ ತನಕ ಮನೆಗೆ ಹೊರಡಬೇಡಿ. ಪ್ರತಿವಿಷ ತಯಾರಿಕೆಗೆ ಹಾವಿನ ವಿಷ ಒದಗಿಸುವವರಲ್ಲಿ ನಮ್ಮ ರಾಜ್ಯದ ಇರುಳರೇ ಮುಖ್ಯರು. ಅವರ ಸಹಕಾರ ಸಂಘ 1978ರಲ್ಲಿ ಹುಟ್ಟಿತು. 2024ರಲ್ಲಿ ಕರ್ನಾಟಕ, ಅದೇ ವರ್ಷ ತಮಿಳುನಾಡು, ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಗೊತ್ತುಪಡಿಸಿದವು.

ಬಂಧುಗಳೇ, ಆಸ್ಪತ್ರೆಯಲ್ಲಿ ಮಾತು ತಮಿಳಿನಲ್ಲಿ ನಡೆಯುತ್ತದೆ. ಎಷ್ಟು ಹೊತ್ತಿಗೆ ಕಚ್ಚಿತು, ಎಲ್ಲಿ ಕಚ್ಚಿತು, ಇಷ್ಟನ್ನು ಹೇಳಲು ನಮ್ಮ ಮಕ್ಕಳು ಕಲಿತಿರಲಿ. ಆದರೆ ಏಕೆ ಕೊಯ್ಯಬಾರದು, ಏಕೆ ಕಾಯಬೇಕು ಎಂಬುದು ಮನಸ್ಸಿಗೆ ಇಳಿಯುವುದು ಮನೆಮಾತಿನಲ್ಲಿ. ಇಂದು ರಾತ್ರಿ ಮಗುವಿನಿಂದ ಈ ಪಾಠವನ್ನು ಅಜ್ಜಿ ತಾತನಿಗೆ ಕನ್ನಡದಲ್ಲಿ ಹೇಳಿಸಿ. ಕತ್ತಲಲ್ಲಿ ಹೊಲಕ್ಕೆ ಹೋಗುವವರ ಕೈಗೆ ಬ್ಯಾಟರಿ ಕೊಟ್ಟು ಕಳುಹಿಸಿ.